ಟೈಲರ್ ಉಚ್ಚೆಂಗಮ್ಮನ ಪೆಡಲ್ ದೋಣಿ

ಎತ್ತರ ಐದಡಿ, ಮೇಲೊಂದು ಇಂಚು ಇದ್ದರೂ ಇರಬಹುದು. ತೂಕ ಐವತ್ತೆಂಟು ಕೆಜಿ, ಸೀರೆ ಒದ್ದೆಯಾದರೆ ಅರವತ್ತು. ವಯಸ್ಸು ಐವತ್ತಮೂರು, ಹಲ್ಲು ಪೂರ್ತಿ. ಬಲಭುಜ ಕೆಟ್ಟಿದೆ, ಎಡಭುಜ ಚಾಲ್ತಿಯಲ್ಲಿದೆ. ಕಾಲು ಎರಡೂ ಫಸ್ಟ್ ಕ್ಲಾಸ್. ಮೂವತ್ತೊಂದು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು, ಈಗಿನ ಹೊಸ ಮಾಲಿನಲ್ಲಿ ಇಂಥವು ಬರುವುದಿಲ್ಲ. ನಾಲಿಗೆ ಕತ್ತರಿಯಷ್ಟೇ ಹರಿತ, ಆದರೆ ಕತ್ತರಿಗಿರುವ ಹಿಡಿಕೆ ಅದಕ್ಕಿಲ್ಲ. ಚೌಕಾಸಿಗೆ ನಿಂತರೆ ಮಧ್ಯಾಹ್ನದ ಊಟ ತಡವಾಗುತ್ತದೆ.

ಜನವರಿಯ ಒಂದು ಸೋಮವಾರ ಕಂಪ್ಲಿಯ ಟೈಲರ್ ಉಚ್ಚೆಂಗಮ್ಮ ಹೊಸಪೇಟೆಯ ಅಂಗಡಿಯ ಮೆಟ್ಟಿಲು ಹತ್ತಿ ಬರುತ್ತಿದ್ದಾಗ ಅಂದಾನಪ್ಪ ಗಲ್ಲಾದ ಹಿಂದೆ ಕೂತು ಕಟ್ಟಿದ ಲೆಕ್ಕ ಇದು. ಇದನ್ನು ಬರೆಯುತ್ತಿರುವವನೂ ಆ ಅಂದಾನಪ್ಪನೇ. ವ್ಯಾಪಾರಿಯ ಕಥೆಯನ್ನು ವ್ಯಾಪಾರಿಯ ಬಾಯಲ್ಲೇ ಕೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಅವನನ್ನೂ ಹೊರಗಿನವನ ಹಾಗೆ ಒಂದು ಪಕ್ಕಕ್ಕೆ ನಿಲ್ಲಿಸಿದ್ದೇನೆ.

ಅಂದಾನಪ್ಪನ ಅಂಗಡಿಯಲ್ಲಿ ಹಗ್ಗ, ತಾಡಪಾಲು, ಬಲೆ, ಗಾಳ, ತೇಲು ಜಾಕೀಟು ಸಿಗುತ್ತವೆ. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಮೊಟ್ಟೆಯ ಸಿಪ್ಪೆ ಕೂಡ ಬಿದ್ದಿಲ್ಲ. ಮೀನು ಎಂಬುದನ್ನು ಆತ ನಾಲಿಗೆಯಿಂದ ತಿಳಿದವನಲ್ಲ, ಗಿರಾಕಿಯಿಂದ ತಿಳಿದವನು. ಕಾಟ್ಲಾಕ್ಕೆ ಯಾವ ನಂಬರಿನ ಗಾಳ, ಕೊರಮೀನಿಗೆ ಯಾವ ದಾರ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಹಿಡಿದ ಮೇಲೆ ಅದು ಹೇಗಿರುತ್ತದೆ ಎಂದು ಕೇಳಿದರೆ, "ಮಸ್ತ್ ಇರ್ತತಂತ" ಎನ್ನುತ್ತಾನೆ.

ಉಚ್ಚೆಂಗಮ್ಮ ಅವನ ಹಳೆಯ ಗಿರಾಕಿ. ಸೋಮವಾರ ಟೈಲರ್ ಅಂಗಡಿಗೆ ರಜೆ. ಅವತ್ತು ಬಸ್ಸು ಹತ್ತಿ ಹೊಸಪೇಟೆಗೆ ಬಂದರೆ ಎದುರು ಓಣಿಯಲ್ಲಿ ಜಂಪರಿಗೆ, ಅಂದರೆ ರವಿಕೆಗೆ, ಹಚ್ಚುವ ಹುಕ್ಕು, ಇಲ್ಲಿ ಮೀನಿಗೆ ಹಚ್ಚುವ ಗಾಳ, ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗುವ ಹೆಂಗಸು ಈ ಜಿಲ್ಲೆಯಲ್ಲಿ ಆಕೆಯೊಬ್ಬಳೇ ಇದ್ದಾಳು. ಅವಳಪ್ಪ ಕಂಪ್ಲಿಯ ಕೋಟೆ ಹತ್ತಿರ ಹರಿಗೋಲು ಹಾಕುತ್ತಿದ್ದ. ನಡೆಯುವುದಕ್ಕೆ ಮುಂಚೆ ತೇಲುವುದು ಕಲಿತೆ ಎಂದು ಹೇಳಿಕೊಳ್ಳುತ್ತಾಳೆ. ಮದುವೆಯಲ್ಲಿ ಹೊಲಿಗೆ ಮಿಷನ್ ಬಂತು, ಅದರ ಜೊತೆ ಗಂಡನೂ ಬಂದ. ಗಂಡ ರೈಸ್‌ಮಿಲ್ಲಿನಲ್ಲಿ ತೂಕ ಹಾಕುವವ. ಮೀನು ತಿನ್ನುತ್ತಾನೆ, ನೀರಿಗಿಳಿಯುವುದಿಲ್ಲ. ಹೀಗೆ ಕೆಲಸ ಹಂಚಿಕೊಂಡು ಸಂಸಾರ ಚೆನ್ನಾಗಿಯೇ ನಡೆದಿದೆ.

ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಹೊಳೆಯಲ್ಲಿ, ಎಂಟೂವರೆಗೆ ಮಿಷನ್ ಮುಂದೆ. ಮೀನುಗಾರಿಕೆ ಇಲಾಖೆಯ ಪಾಸನ್ನು ಟೈಲರ್ ಅಂಗಡಿಯ ಗೋಡೆಗೆ, ಹಣೆಯ ಮಟ್ಟಕ್ಕೆ, ಕಟ್ಟು ಹಾಕಿಸಿ ತೂಗು ಹಾಕಿದ್ದಾಳೆ. ಒಂಬತ್ತಾದರೂ ಅಂಗಡಿಯ ಶಟರ್ ಏಳಲಿಲ್ಲವೆಂದರೆ ಕಂಪ್ಲಿಯ ಹೆಂಗಸರಿಗೆ ಅರ್ಥವಾಗುತ್ತದೆ, ಇವತ್ತು ಮೀನು ಕಚ್ಚುತ್ತಿದೆ ಎಂದು. "ನನ್ನ ಜಂಪರ್ ಯಾವಾಗ ಕೊಡ್ತಿ?" ಎಂದು ಕೇಳಿದವರಿಗೆ, "ಮೀನ ಕಚ್ಚೋದು ನಿಂತ ಮ್ಯಾಲ" ಎಂದು ಉತ್ತರ. ಆದರೂ ಜನ ಬಿಟ್ಟು ಹೋಗುವುದಿಲ್ಲ. ಆಕೆ ಕೂರಿಸಿದ ತೋಳು ಇನ್ನೊಬ್ಬರ ಕೈಯಲ್ಲಿ ಕೂರುವುದಿಲ್ಲ. ಅಂದಾನಪ್ಪನ ಹೆಂಡತಿ ಮರುಳಸಿದ್ದಮ್ಮ ಹೊಸಪೇಟೆಯ ಹದಿನೆಂಟು ಟೈಲರುಗಳನ್ನು ದಾಟಿ ಕಂಪ್ಲಿಗೆ ಹೋಗಿ ಬಟ್ಟೆ ಕೊಟ್ಟು ಬರುವುದೂ ಅದಕ್ಕೇ.

ನಾಲ್ಕು ವರ್ಷದ ಹಿಂದೆ ಹಂಪಿ ಕಡೆಯ ಒಬ್ಬ ಹೋಮ್‌ಸ್ಟೇಯವನು ಬೇಡವೆಂದು ಮೂಲೆಗೆ ತಳ್ಳಿದ್ದ ಹಳದಿ ಕಯಾಕನ್ನು ಆಕೆ ಕೊಂಡಿದ್ದಳು. ಒಬ್ಬರೇ ಕೂತು, ಎರಡು ತುದಿಯ ಹುಟ್ಟು ಹಾಕುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ತಳದಲ್ಲಿದ್ದ ಸೀಳಿಗೆ ಒಡೆದ ಬಕೀಟಿನ ತುಂಡು ಇಟ್ಟು, ಕಾದ ಸಟ್ಟುಗದಿಂದ ಒತ್ತಿ ಕರಗಿಸಿ ತೇಪೆ ಹಾಕಿದಳು. ತೇಪೆಯ ಅಂಚು ಕೂಡ ಹೊಲಿಗೆ ಹಾಕಿದ ಹಾಗೆ ಸಾಲಾಗಿತ್ತು. ಅದರಲ್ಲಿ ಬಂಡೆಗಳ ಸಂದಿಗೆ, ಹರಿಗೋಲಿನವರು ಹೋಗದ ಮಡುವಿಗೆ ಒಬ್ಬಳೇ ಹೋಗಿ, ಒಬ್ಬಳೇ ಕೂತು, ಯಾರ ಮಾತೂ ಕೇಳದೆ ಎರಡು ತಾಸು ಕಳೆದು ಬರುತ್ತಿದ್ದಳು.

ಹೋದ ದೀಪಾವಳಿಗೆ ಇನ್ನೂರಕ್ಕೂ ಮೇಲೆ ಜಂಪರ್ ಹೊಲಿದಳು. ಕೊನೆಯ ಜಂಪರಿನ ಜೊತೆ ಬಲಭುಜವೂ ಮುಗಿಯಿತು. ಡಾಕ್ಟರು, ಕತ್ತರಿ ಹಿಡಿ, ಮಿಷನ್ ತುಳಿ, ಹುಟ್ಟು ಮಾತ್ರ ಹಾಕಬೇಡ ಎಂದರು. ಅಲ್ಲಿಂದೀಚೆಗೆ ಆಕೆ ಹಾಲಸ್ವಾಮಿಯ ಹರಿಗೋಲಿನಲ್ಲಿ ಕೂತು ಹೋಗುತ್ತಿದ್ದಳು. ಹಾಲಸ್ವಾಮಿ ಅವಳಪ್ಪನ ಕೈಕೆಳಗೆ ಕಲಿತ ಅಂಬಿಗ, ಒಳ್ಳೆಯ ಮನುಷ್ಯ, ಒಂದು ನಿಮಿಷ ಬಾಯಿ ಮುಚ್ಚುವುದಿಲ್ಲ.

ಆ ಸೋಮವಾರ ಆಕೆ ಗಾಳ ಕೇಳಲಿಲ್ಲ. ಸ್ಟೂಲು ಎಳೆದು ಕೂತಳು.

"ಯಾಕ ಉಚ್ಚೆಂಗಮ್ಮ, ಗಾಳ ಬ್ಯಾಡೇನು?" ಎಂದ ಅಂದಾನಪ್ಪ.

"ನಾ ಮೂಟಿ ಆಗೀನಿ ಸಾವ್ಕಾರ್ರ. ಹಾಲಸ್ವಾಮಿ ಎತ್ತಿ ಇಟ್ಟಲ್ಲಿ ಕುಂದ್ರತೀನಿ, ಇಳಿಸಿದಲ್ಲಿ ಇಳೀತೀನಿ. ಅವ್ನ ಮಾತು ಕೇಳಿ ಕೇಳಿ ಮೀನಾ ಎಲ್ಲಾ ಗಂಗಾವತಿ ಕಡಿ ಹೋದ್ವು." ಸೆರಗಿನಿಂದ ಮುಖ ಒರೆಸಿಕೊಂಡಳು. "ಉಗಾದಿ ಒಳಗ ಒಬ್ಬಾಕೀನ ಹೊಳಿಗಿಳೀಬೇಕು. ಆಗಲಿಲ್ಲ ಅಂದ್ರ ನನ್ನ ಗಾಳದ ಡಬ್ಬಿ ನಿಮಗ ವಾಪಸ್ಸು. ಅರ್ಧಾ ರೇಟಿಗೆ ಮಾರ್ಕೊಳ್ರಿ. ಕಾಲಾಗ ತುಳಿಯೋ ದೋಣಿ ಇರ್ತತಂತಲ್ಲ, ನಿಮ್ಮ ಕಡಿ ಐತೇನು?"

ಇತ್ತು. ಒಂದಲ್ಲ, ಎರಡು. ಹೊಳೆಯಾಚೆ ಹೊಸದಾಗಿ ರೆಸಾರ್ಟ್ ತೆಗೆಯುತ್ತೇನೆಂದು ಬಂದಿದ್ದ ಒಬ್ಬ ಉತ್ಸಾಹಿ ಎರಡು ಥರದ ಪೆಡಲ್ ಕಯಾಕ್ ತರಿಸಲು ಹೇಳಿದ್ದ. ಮಾಲು ಬಂತು, ಉತ್ಸಾಹ ಹೋಗಿತ್ತು. ಎಂಟು ತಿಂಗಳಿನಿಂದ ಎರಡೂ ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದವು. ಈ ಊರಿನಲ್ಲಿ ಕಾಲಿನಿಂದ ಮೀನು ಹಿಡಿಯುವ ಗಿರಾಕಿಯನ್ನು ಎಲ್ಲಿಂದ ತರುವುದು ಎಂದು ಅಂದಾನಪ್ಪ ದೇವರಿಗೆ ಊದುಬತ್ತಿ ಹಚ್ಚುವಾಗಲೆಲ್ಲ ನೆನೆಸಿಕೊಳ್ಳುತ್ತಿದ್ದ. ಗಿರಾಕಿ ತಾನಾಗಿ ಸ್ಟೂಲು ಎಳೆದು ಕೂತಿದ್ದಾಳೆ. ಅವನು ಮುಖದ ಮೇಲೆ ಏನನ್ನೂ ತೋರಿಸಲಿಲ್ಲ. "ನೋಡಬೇಕು," ಎಂದ. ಇದು ಅವನ ಕುಲಕಸುಬಿನ ಮೊದಲ ಪಾಠ.

ತೋರಿಸಿದ್ದು ಒಂದನ್ನೇ, ದುಬಾರಿಯದನ್ನು. ಕೆಂಪು ಬಣ್ಣ, ಹನ್ನೊಂದಡಿ ಉದ್ದ, ಬೆನ್ನಿಗೆ ಒರಗು ಇರುವ ಕುರ್ಚಿ. ಕುರ್ಚಿಯ ಮುಂದೆ ಸೈಕಲ್ಲಿನ ಹಾಗೆ ಸುತ್ತುವ ಪೆಡಲು, ಅದರಿಂದ ಕೆಳಗೆ ಇಳಿದ ಕಂಬದ ತುದಿಯಲ್ಲಿ ಮೂರು ಎಸಳಿನ ಫ್ಯಾನು. ಮುಂದಕ್ಕೆ ತುಳಿದರೆ ಮುಂದೆ, ಹಿಂದಕ್ಕೆ ತುಳಿದರೆ ಹಿಂದೆ. ಎಡಗೈ ಪಕ್ಕದಲ್ಲಿ ಸಣ್ಣ ಹಿಡಿ, ಅದು ಚುಕ್ಕಾಣಿ.

"ರಿವರ್ಸ್ ಗೇರ್ ಐತಿ," ಎಂದ ಅಂದಾನಪ್ಪ, ಕಾರು ಮಾರುವವನ ಹಾಗೆ. "ದೊಡ್ಡ ಮೀನ ಬಂಡಿಗಲ್ಲಿನ ಕಡಿ ಎಳೀತು ಅಂದ್ರ ಹಿಂದಕ್ಕ ತುಳೀರಿ. ಬಲಗೈಗೆ ಕೆಲಸಾನ ಇಲ್ಲ."

ಉಚ್ಚೆಂಗಮ್ಮ ಕೊರಳಿನಿಂದ ಅಳತೆ ಟೇಪು ತೆಗೆದಳು. ಆಕೆ ಅದನ್ನು ತಾಳಿಯ ಮೇಲೆ ಹಾಕಿಕೊಂಡೇ ಓಡಾಡುವುದು. ಕುರ್ಚಿಯ ಅಗಲ ಅಳೆದಳು, ತನ್ನ ಸೊಂಟ ಅಳೆದಳು, ಸೊಂಟದ ಲೆಕ್ಕ ಮಾತ್ರ ಬಾಯಲ್ಲಿ ಹೇಳಲಿಲ್ಲ. ಕುರ್ಚಿಯಿಂದ ಪೆಡಲಿಗೆ, ತೊಡೆಯಿಂದ ಹಿಮ್ಮಡಿಗೆ ಅಳತೆಯಾಯಿತು. ಆಮೇಲೆ ಬಗ್ಗಿ, ದೋಣಿಯ ತಳದಿಂದ ಫ್ಯಾನಿನ ಕೆಳತುದಿಯವರೆಗೆ ಟೇಪು ಬಿಟ್ಟಳು.

"ಹದಿನೇಳು ಇಂಚು ಜೋತು ಬಿದ್ದೈತಿ."

"ಫ್ಯಾನ್ ನೀರಾಗ ಇರಬೇಕಲ್ಲ ಮತ್ತ. ಆಕಾಶದಾಗ ತಿರುಗಿದ್ರ ಗಾಳಿ ಬರ್ತತಿ, ದೋಣಿ ಹೋಗಂಗಿಲ್ಲ."

"ಬಂಡಿಗಲ್ಲು ಬಂದ್ರ?"

"ಈ ಹಿಡಿ ಎಳೀರಿ, ಕಂಬ ಮ್ಯಾಲ ಬರ್ತತಿ."

"ಎಳಿಯೋದು ಮರೆತ್ರ?"

"ಯಾರು ಮರೀತಾರವಾ?" ಎಂದ ಅಂದಾನಪ್ಪ. ಈ ಪ್ರಶ್ನೆಗೆ ಉತ್ತರ ತನ್ನ ಎದುರೇ ಕೂತಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ.

ಒಂದು ಸೋಮವಾರಕ್ಕೆ ಮುಗಿಯಲಿಲ್ಲ. ಮುಂದಿನ ವಾರ ಬಂದು ಬೆಲೆ ಕೇಳಿ ನಕ್ಕು ಹೋದಳು. ಅದರ ಮುಂದಿನ ವಾರ ಬಂದು ನಗದೆ ಕೇಳಿದಳು. ಮೂರನೆಯ ವಾರ, ನೀರಿನಲ್ಲಿ ನೋಡದೆ ತಗೊಳ್ಳುವುದಿಲ್ಲ ಎಂದಳು. ಅಂದಾನಪ್ಪ ಯೋಚಿಸಿ ಜಾಗ ಆರಿಸಿದ: ಸಂಡೂರಿನ ನಾರಿಹಳ್ಳದ ಜಲಾಶಯ. ಸುತ್ತ ಹಸಿರು ಗುಡ್ಡ, ನಿಂತ ನೀರು, ದಡ ಬಿಟ್ಟರೆ ಆಳ. ಬಂಡೆ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಮಾಲು ತೋರಿಸಲು ಇದಕ್ಕಿಂತ ಒಳ್ಳೆಯ ಶೋರೂಮ್ ಬಳ್ಳಾರಿ ಸೀಮೆಯಲ್ಲಿಲ್ಲ. ಅಪ್ಪಣೆ ಕೇಳಿ, ಲಗೇಜ್ ಗಾಡಿಯ ಮೇಲೆ ದೋಣಿ ಕಟ್ಟಿ, ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತ ಹೋದರು. ಇಳಿಯುವ ಹೊತ್ತಿಗೆ ಕೆಂಪು ದೋಣಿ ಇನ್ನೂ ಕೆಂಪಾಗಿತ್ತು.

ಉಚ್ಚೆಂಗಮ್ಮ ಸೀರೆಗೆ ಕಚ್ಚೆ ಹಾಕಿ, ಮೇಲೆ ಜಾಕೀಟು ಕಟ್ಟಿ, ಕೂತು ತುಳಿದಳು. ದೋಣಿ ಬೆಣ್ಣೆಯಲ್ಲಿ ಕತ್ತಿ ಹೋದ ಹಾಗೆ ಹೋಯಿತು. ಮುಂದೆ ಹೋದಳು, ಹಿಂದೆ ಬಂದಳು, ಎಡಗೈಯ ಎರಡು ಬೆರಳಿನಲ್ಲಿ ತಿರುಗಿಸಿದಳು. ಅಂದಾನಪ್ಪ ಮನಸ್ಸಿನಲ್ಲಿ ಬಿಲ್ಲು ಬರೆದೂ ಮುಗಿಸಿದ.

ಆಕೆ ದಡದ ಆಳ ನೀರಿನಲ್ಲೇ ದೋಣಿ ನಿಲ್ಲಿಸಿ ಹೇಳಿದ್ದು ಇಷ್ಟು: "ಸೀರಿ ಅಂಗಡ್ಯಾಗ ಲೈಟ್ ಹಾಕಿ ಸೀರಿ ತೋರಿಸ್ತಾರ ಸಾವ್ಕಾರ್ರ. ಮನಿಗೆ ತಂದು ಬಿಸಿಲಾಗ ಹಿಡಿದ್ರ ಬ್ಯಾರೆ ಬಣ್ಣ. ನಾ ಸಂಡೂರಾಗ ಮೀನ ಹಿಡಿಯಂಗಿಲ್ಲ. ಕಂಪ್ಲಿಗೆ ತರ್ರಿ."

ಗಿರಾಕಿಯ ಮಾತಿಗೆ ಇಲ್ಲವೆನ್ನಬಾರದು. ಅದೇ ವಾರದ ಬುಧವಾರ ಬೆಳಿಗ್ಗೆ ಕೆಂಪು ದೋಣಿ ಕಂಪ್ಲಿ ಕೋಟೆಯ ಕೆಳಗೆ ಹೊಳೆಗೆ ಇಳಿಯಿತು. ಹಾಲಸ್ವಾಮಿ ತನ್ನ ಹರಿಗೋಲನ್ನು ತಲೆಯ ಮೇಲೆ ಹೊತ್ತುಕೊಂಡೇ ನಿಂತು ನೋಡಿದ.

"ಅಕ್ಕಾ, ಮಿಷನ್ ಹೊಳಿಗೆ ತಂದಿ. ಇನ್ನ ಗಿರಾಕಿ ಎಲ್ಲಿ ಕುಂದ್ರತಾರ?"

"ನಿನ್ನ ಬಾಯಿ ಹೊಲ್ಯಾಕ ತಂದೀನಿ. ಸರಿ ಅತ್ಲಾಗ."

ಹೋದಳು. ನೀರು ಇಳಿದಿದ್ದರೂ ನಡುಹೊಳೆಯಲ್ಲಿ ಆಳವಿತ್ತು. ದೂರದ ಬಂಡೆಯನ್ನು ಸುತ್ತು ಹಾಕಿ, ಹಿಂದಕ್ಕೆ ತುಳಿದು, ಎಡಗೈ ಎತ್ತಿ ತೋರಿಸಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ತನ್ನ ಹೊಳೆಯ ಮೇಲೆ ಒಬ್ಬಳೇ. ಆ ಮುಖ ನೋಡಿದ್ದರೆ ಯಾವ ವ್ಯಾಪಾರಿಯಾದರೂ ಬೆಲೆ ಇನ್ನಷ್ಟು ಏರಿಸುತ್ತಿದ್ದ. ಅಂದಾನಪ್ಪನೂ ನೋಡಿದ.

ಆಮೇಲೆ ದಡದ ಕಡೆ ತಿರುಗಿದಳು.

ಇಲ್ಲಿ ಹರಿಗೋಲಿನವರ ಒಂದು ರೂಢಿ ಹೇಳಬೇಕು. ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ತಳ ಚಪ್ಪಟೆ, ಕೆಳಗೆ ಏನೂ ಜೋತಾಡುವುದಿಲ್ಲ. ದಡ ಹತ್ತಿರ ಬಂದಾಗ ಅಂಬಿಗ ನಿಧಾನ ಮಾಡುವುದಿಲ್ಲ. ಕೊನೆಯ ಎರಡು ಹುಟ್ಟನ್ನು ಜೋರಾಗಿ ಎಳೆಯುತ್ತಾನೆ. ಬುಟ್ಟಿ ಸೀದಾ ಬಂಡೆಯ ಮೇಲೆ ಜಾರಿ ಏರಿ ಕೂರುತ್ತದೆ, ಕೂತವರು ಚಪ್ಪಲಿ ಒದ್ದೆ ಮಾಡಿಕೊಳ್ಳದೆ ಇಳಿಯುತ್ತಾರೆ. ಕೂತವರ ಕಾಲು ಒದ್ದೆಯಾದರೆ ಅದು ಅಂಬಿಗನಿಗೆ ಅವಮಾನ. ಉಚ್ಚೆಂಗಮ್ಮನ ಅಪ್ಪ ಅವಳಿಗೆ ಮೊದಲು ಕಲಿಸಿದ್ದೇ ಇದನ್ನು. ಹಳದಿ ಕಯಾಕನ್ನೂ ಆಕೆ ಹಾಗೆಯೇ ಏರಿಸುತ್ತಿದ್ದಳು. ಆ ಬಕೀಟಿನ ತೇಪೆ ಬೀಳುವುದಕ್ಕೂ ಅದೇ ಕಾರಣವಿರಬೇಕು.

ಬಟ್ಟೆ ಒಗೆಯುವ ಚಪ್ಪಟೆ ಬಂಡೆ ಎದುರಿಗೆ ಕಂಡದ್ದೇ ತಡ, ಆಕೆ ಜೋರಾಗಿ ತುಳಿದಳು.

"ಹಿಡಿ ಎಳೀರಿ," ಎಂದ ಅಂದಾನಪ್ಪ. ಅವನಿಗೆ ಕೂಗಿ ಅಭ್ಯಾಸವಿಲ್ಲ.

ಟಪ್ ಎಂದು ಒಂದೇ ಸದ್ದು. ದೋಣಿ ನಿಂತಿತು, ಉಚ್ಚೆಂಗಮ್ಮ ಮುಂದಕ್ಕೆ ಬಗ್ಗಿದಳು. ಮೂರು ಎಸಳಿನ ಫ್ಯಾನು ಎರಡು ಎಸಳಿನದಾಗಿತ್ತು. ಮೂರನೆಯ ಎಸಳು ನೀರಿನಲ್ಲಿ ತಿರುಗುತ್ತ ಗಂಗಾವತಿ ಕಡೆ ಹೊರಟಿತ್ತು. ಹಾಲಸ್ವಾಮಿ ತಲೆಯ ಮೇಲಿನ ಹರಿಗೋಲನ್ನು ಕೆಳಗಿಳಿಸಿದ.

ಇಂಥ ಹೊತ್ತಿನಲ್ಲಿ ಗಿರಾಕಿ ಹೇಳುವ ಮಾತುಗಳು ಅಂದಾನಪ್ಪನಿಗೆ ಬಾಯಿಪಾಠ. ಮಾಲು ಕಚ್ಚಾ. ನೀವು ಮೊದಲೇ ಹೇಳಲಿಲ್ಲ. ನಾನಿನ್ನೂ ಕೊಂಡಿಲ್ಲ. ಪ್ರತಿಯೊಂದಕ್ಕೂ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಅವನ್ನು ನಾಲಿಗೆಯ ತುದಿಗೆ ತಂದುಕೊಂಡು ನಿಂತ.

ಉಚ್ಚೆಂಗಮ್ಮ ನೀರಿಗೆ ಕಾಲಿಟ್ಟು ಇಳಿದಳು. ಕಾಲು ಒದ್ದೆಯಾಯಿತು.

"ತಪ್ಪು ನಂದು ಸಾವ್ಕಾರ್ರ. ನೀವು ಹೇಳಿದ್ರಿ. ನಾನಾ ಅಳದು ನೋಡೀನಿ, ಹದಿನೇಳು ಇಂಚು. ದಂಡಿ ಕಂಡ್ರ ನನ್ನ ಜೀವ ಕೇಳಂಗಿಲ್ಲ. ಆ ಎಸಳು ಎಷ್ಟಕ್ಕ ಬರ್ತತಿ?"

"ಅದು ಇಲ್ಲಿ ಸಿಗಂಗಿಲ್ಲ. ಕಂಪನಿಗೆ ಬರೀಬೇಕು. ಹಡಗಿನಾಗ ಬರಬೇಕು," ಎಂದ ಅಂದಾನಪ್ಪ. ಆ ಹೊತ್ತಿಗೆ ಅದು ನಿಜವೆಂದೇ ಅವನು ನಂಬಿದ್ದ. ಸಿದ್ಧಪಡಿಸಿಕೊಂಡಿದ್ದ ಉತ್ತರಗಳು ಯಾವುದಕ್ಕೂ ಬೇಕಾಗದೆ ನಾಲಿಗೆಯ ತುದಿಯಲ್ಲೇ ಉಳಿದವು. ಹಾಗಾದಾಗ ಮನುಷ್ಯ ಸ್ವಲ್ಪ ಧಾರಾಳಿಯಾಗುತ್ತಾನೆ. "ಹೋಗ್ಲಿ ಬಿಡ್ರಿ, ರೊಕ್ಕ ಬ್ಯಾಡ" ಎಂದೂ ಹೇಳಿಬಿಟ್ಟ.

"ಬ್ಯಾಡ ಅಂದ್ರ ನಾ ಕೇಳಾಕಿ ಅಲ್ಲ. ನಿಮ್ಮ ಮನಿಯಾಕಿ ತಮ್ಮನ ಮಗಳ ಮದುವೆಗೆ ಅಂತ ಏಳು ಜಂಪರ್ ಪೀಸ್ ಕೊಟ್ಟಾರ. ಎರಡು ತಿಂಗಳು ಆಗ್ತತಿ ಅಂದಿದ್ದೆ. ಹದಿನೈದು ದಿನದಾಗ ಕೊಡ್ತೀನಿ, ಲೈನಿಂಗ್ ಹಚ್ಚಿ. ಒಂದು ಪೈಸಾ ಬ್ಯಾಡ. ಎಸಳಿಗೆ ಅದು ಸರಿ ಹೋತು."

ಅಂದಾನಪ್ಪ ಮನಸ್ಸಿನಲ್ಲೇ ಏಳನ್ನು ಗುಣಿಸಿದ. "ನಿಮ್ಮಿಷ್ಟ," ಎಂದ. ಇದು ಎರಡನೆಯ ಪಾಠ.

ಮರುಳಸಿದ್ದಮ್ಮನಿಗೆ ಸುದ್ದಿ ಮುಟ್ಟಿದಾಗ ಆಕೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಇಪ್ಪತ್ತೆಂಟು ವರ್ಷ ಆತು ಲಗ್ನ ಆಗಿ. ನಿಮ್ಮಿಂದ ನನಗ ಆದ ಮೊದಲ್ನೇ ಉಪಕಾರ ಇದು. ಅದೂ ಏನಾರ ಮುರಿದ ಮ್ಯಾಲ."

ಹದಿನೈದು ದಿನ ಬೇಕಾಗಲಿಲ್ಲ. ಹನ್ನೆರಡನೆಯ ದಿನಕ್ಕೆ, ಸೋಮವಾರ, ಉಚ್ಚೆಂಗಮ್ಮ ಏಳು ಜಂಪರ್ ಮಡಚಿ ತಂದು ಗಲ್ಲಾದ ಮೇಲಿಟ್ಟಳು. ಕಂಪ್ಲಿಯಲ್ಲಿ ಆ ಎರಡು ವಾರ ಎಲ್ಲರಿಗೂ ಹೇಳಿದ ದಿನಕ್ಕೆ ಸರಿಯಾಗಿ ಬಟ್ಟೆ ಸಿಕ್ಕಿತ್ತು. ಹೆಂಗಸರು ಗಾಬರಿಯಾಗಿದ್ದರು. ಇಬ್ಬರು ಮನೆಗೇ ಬಂದು ಆರೋಗ್ಯ ವಿಚಾರಿಸಿ, ಹಣ್ಣು ಕೊಟ್ಟು ಹೋಗಿದ್ದರಂತೆ.

"ಹೊಳಿಗೆ ಹೋಗಿಲ್ಲ, ಹೊಲಿಗಿ ಜಲ್ದಿ ಆತು," ಎಂದಳು ಉಚ್ಚೆಂಗಮ್ಮ. ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ಜಂಪರುಗಳ ಪಕ್ಕಕ್ಕಿಟ್ಟಳು. ಗಾಳದ ಡಬ್ಬಿ. ಒಳಗೆ ನಂಬರಿನ ಪ್ರಕಾರ, ಗುಂಡಿ ಜೋಡಿಸಿದ ಹಾಗೆ, ಗಾಳಗಳನ್ನು ಬಟ್ಟೆಗೆ ಚುಚ್ಚಿದ್ದಳು.

"ಉಗಾದಿಗೆ ಇನ್ನಾ ಹತ್ತು ದಿನ ಐತಿ," ಎಂದ ಅಂದಾನಪ್ಪ.

"ಹತ್ತು ದಿನದಾಗ ಚಾಳಿ ಹೋಗ್ತತೇನು? ಐವತ್ತು ವರ್ಷದ ಚಾಳಿ. ಆ ಹಿಡಿ ಎಳೀಬೇಕು ಅಂತ ತಲಿಗೆ ಗೊತ್ತೈತಿ, ಕೈಗೆ ಗೊತ್ತಿಲ್ಲ. ಇನ್ನ ದಿನಾ ಒಂದೊಂದು ಎಸಳು ಮುರಕೊಂಡು, ನಿಮ್ಮ ಮನಿಮಂದಿಗೆಲ್ಲಾ ಜಂಪರ್ ಹೊಲಕೊಂತ ಕುಂದ್ರಲೇನು?"

ಅಂದಾನಪ್ಪ ಡಬ್ಬಿಯನ್ನು ಈಚೆಗೆ ಎಳೆದುಕೊಳ್ಳಲೂ ಇಲ್ಲ, ಆಚೆಗೆ ತಳ್ಳಲೂ ಇಲ್ಲ. ಚಹಾ ಹೇಳಿದ. ಚಹಾ ಬರುವವರೆಗೆ ಕೂರಲಾರದೆ ಉಚ್ಚೆಂಗಮ್ಮ ಗೋಡೌನಿನ ಬಾಗಿಲಲ್ಲಿ ಹೋಗಿ ನಿಂತಳು. ಕೆಂಪು ದೋಣಿಯನ್ನು ಕೊನೆಯ ಸಲ ನೋಡುವುದಿತ್ತೇನೋ. ಅದರ ಪಕ್ಕದಲ್ಲಿ ಇನ್ನೊಂದು, ಬೂದು ಬಣ್ಣದ್ದು, ಬೋರಲು ಬಿದ್ದಿತ್ತು. ಅದರ ಬೆನ್ನ ಮೇಲೆ ಅಂದಾನಪ್ಪ ತಾಡಪಾಲಿನ ಸುರುಳಿಗಳನ್ನು ಒಟ್ಟಿದ್ದ.

"ಇದೇನಿದು, ಕಟ್ಟಿ ಇದ್ದಂಗ ಐತಿ?"

"ಅದೂ ಪೆಡಲಿಂದಾ. ಆದ್ರ ಅದು ಬ್ಯಾಡ ನಿಮಗ," ಎಂದ. "ರಿವರ್ಸ್ ಇಲ್ಲ. ಮ್ಯಾಲೊಂದು ಗೀರು ಬಿದ್ದೈತಿ. ಪೆಡಲ್ ಸುತ್ತಂಗಿಲ್ಲ, ಒಂದಾದ ಮ್ಯಾಲ ಒಂದು ಮುಂದಕ್ಕ ಒತ್ತಬೇಕು, ಅಷ್ಟ. ಹಳೀ ಥರ."

ಕಾರಣಗಳೆಲ್ಲ ನಿಜ. ಮುಖ್ಯ ಕಾರಣ ಅವನು ಹೇಳಲಿಲ್ಲ: ಅದರ ಬೆಲೆ ಕೆಂಪಿನದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ, ಲಾಭವೂ ಹಾಗೆಯೇ.

ಉಚ್ಚೆಂಗಮ್ಮ ಆಗಲೇ ಎಡಗೈಯಿಂದ ತಾಡಪಾಲು ಇಳಿಸತೊಡಗಿದ್ದಳು. ಬೋರಲು ದೋಣಿಯ ತಳದಲ್ಲಿ ಫ್ಯಾನಿರಲಿಲ್ಲ. ಮೀನಿನ ಈಜುರೆಕ್ಕೆಯಂಥ ಎರಡು ರಬ್ಬರು ರೆಕ್ಕೆಗಳಿದ್ದವು. ಅಂದಾನಪ್ಪ ದೋಣಿಯನ್ನು ಒಂದು ಮಗ್ಗುಲಿಗೆ ಎತ್ತಿ ಹಿಡಿದ. ಆಕೆ ಒಳಗೆ ಕೈಹಾಕಿ ಒಂದು ಪೆಡಲು ಒತ್ತಿದಳು. ರೆಕ್ಕೆಗಳು ಆ ಕಡೆಗೊಂದು, ಈ ಕಡೆಗೊಂದು ಬೀಸಿದವು. ಇನ್ನೊಂದನ್ನು ಒತ್ತಿದಳು. ಮತ್ತೆ ಬೀಸಿದವು. ಆಮೇಲೆ ಒಂದನ್ನು ಪೂರ್ತಿ ಒತ್ತಿ ಹಾಗೆಯೇ ಹಿಡಿದಳು. ರೆಕ್ಕೆಗಳೆರಡೂ ಮಡಚಿಕೊಂಡು ತಳಕ್ಕೆ ಅಂಟಿ ಮಲಗಿದವು. ಟೇಪು ಇಟ್ಟು ನೋಡಿದಳು. ಎರಡು ಇಂಚೂ ಇರಲಿಲ್ಲ.

ಬಿಟ್ಟಳು, ಮತ್ತೆ ಒತ್ತಿದಳು. ಚಹಾ ಬಂದು ಆರಿತು.

"ಸಾವ್ಕಾರ್ರ, ಮಿಷನ್ ನಿಲ್ಸಿ ಬಟ್ಟಿ ತೆಗೀಬೇಕು ಅಂದ್ರ ಏನ್ ಮಾಡಬೇಕು?"

"ನನಗೇನು ಗೊತ್ತವಾ?"

"ಸೂಜಿ ಮ್ಯಾಲ ನಿಲ್ಲಿಸಬೇಕು. ಕೆಳಗ ನಿಂತಾಗ ಎಳದ್ರಿ ಅಂದ್ರ ಬಟ್ಟಿ ಹರೀತತಿ, ಸೂಜಿ ಮುರೀತತಿ. ಮೊದಲ್ನೇ ವರ್ಷ ಎಷ್ಟು ಸೂಜಿ ಮುರದೀನಿ, ನನ್ನ ಅತ್ತಿ ಎಣಿಸಿ ಎಣಿಸಿ ಬೈತಿದ್ಲು. ಈಗ ನಾ ನೋಡಂಗಾ ಇಲ್ಲ. ಯಾರರ ಕರದ್ರ, ಫೋನ್ ಬಂದ್ರ, ಕರೆಂಟ್ ಹೋದ್ರ, ಕಾಲು ತಾನಾ ಒಂದು ಕಡಿ ಒತ್ತಿ ನಿಲ್ತತಿ. ಸೂಜಿ ಮ್ಯಾಲ ಇರ್ತತಿ." ಪೆಡಲನ್ನು ಮತ್ತೊಮ್ಮೆ ಒತ್ತಿ ಹಿಡಿದು ರೆಕ್ಕೆ ನೋಡಿದಳು. "ಕೈಗೆ ಹೊಳಿ ಚಾಳಿ ಐತಿ. ಕಾಲಿಗೆ ಮಿಷನ್ ಚಾಳಿ ಐತಿ. ಇದು ಕಾಲಿನ ದೋಣಿ."

"ರಿವರ್ಸ್ ಇಲ್ಲವಾ," ಎಂದ ಅಂದಾನಪ್ಪ. ಮಾರುವವನು ತಾನು ಎಂಬುದನ್ನು ಒಂದು ಕ್ಷಣ ಮರೆತಿದ್ದ.

"ಹೊಲಿಗಿ ಮಿಷನ್ ಹಿಂದಕ್ಕ ಹೋಗ್ತತೇನು? ನನ್ನಪ್ಪನ ಹುಟ್ಟು ಐತಿ, ಅರ್ಧ ಕೊಯ್ದು ಗಿಡ್ಡ ಮಾಡಿ ಎಡಗೈಗೆ ಇಟಗೋತೀನಿ. ಈ ಗೀರಿಗೆ ಎಷ್ಟು ಬಿಡ್ತೀರಿ ಹೇಳ್ರಿ."

ಅಲ್ಲಿಂದ ಚೌಕಾಸಿ ಶುರುವಾಯಿತು. ಗೀರು ಅಳತೆ ಟೇಪಿನಲ್ಲಿ ಹನ್ನೊಂದು ಇಂಚು ಇತ್ತು. ಆಕೆ ಇಂಚಿನ ಲೆಕ್ಕದಲ್ಲಿ ಬಿಡಲು ಕೇಳಿದಳು, ಅಂದಾನಪ್ಪ ಗೀರಿನ ಆಳವನ್ನೂ ನೋಡಬೇಕು ಎಂದ. ಒಂಬತ್ತು ತಿಂಗಳು ತಾಡಪಾಲು ಹೊತ್ತ ಬಾಡಿಗೆಯನ್ನು ಆ ದೋಣಿಗೆ ಕೊಟ್ಟಿದ್ದೀರೇನು ಎಂದು ಆಕೆ ಕೇಳಿದಳು. ಊಟ ತಡವಾಯಿತು. ವ್ಯಾಪಾರ ಕುದುರಿದ ಮೇಲೆ ಗೀರಿನ ಮೇಲೆ ಕೈಯಾಡಿಸಿ, "ಇದೇನು ನೀರಾಗ ಕಾಣ್ತತೇನು, ಲೈನಿಂಗ್ ಬಟ್ಟಿ ಇದ್ದಂಗ," ಎಂದಳು. ಹೊರಡುವಾಗ ಗಾಳದ ಡಬ್ಬಿಯನ್ನು ಗಲ್ಲಾದ ಮೇಲಿಂದ ತಾನೇ ಎತ್ತಿಕೊಂಡಳು.

ಆದರೂ ನೀರಿಗಿಳಿಯದೆ ಯಾವುದೂ ಖಾತ್ರಿಯಲ್ಲ. ಸರಿಹೋಗದಿದ್ದರೆ ವಾಪಸ್ಸು ಎಂಬ ಮಾತಿನ ಮೇಲೆ ಬೂದು ದೋಣಿ ಗುರುವಾರ ಕಂಪ್ಲಿಗೆ ಹೋಯಿತು. ಅಂದಾನಪ್ಪ ಜೊತೆಗೆ ಹೋದ. ವಾಪಸ್ಸು ಬರುವುದಾದರೆ ಗಾಡಿಯ ಬಾಡಿಗೆ ಒಂದೇ ಸಲಕ್ಕೆ ಮುಗಿಯಲಿ ಎಂಬ ದೂರಾಲೋಚನೆ.

ಹಾಲಸ್ವಾಮಿ ಈ ಸಲ ದಡದ ಮೇಲೆ ಕೂತು, ಬಂಡೆಯಿಂದ ಮಾರು ದೂರದಲ್ಲಿ, ಬೀಡಿ ಹಚ್ಚಿಕೊಂಡು ಕಾದ. "ಸಾವ್ಕಾರ್ರ, ಇವತ್ತು ಏನೇನು ಮುರೀತತಿ?"

ಉಚ್ಚೆಂಗಮ್ಮ ಹೋದಳು, ಸುತ್ತಿದಳು, ದಡಕ್ಕೆ ತಿರುಗಿದಳು. ಚಪ್ಪಟೆ ಬಂಡೆ ಕಂಡದ್ದೇ ಕಾಲು ಜೋರಾಯಿತು. ಬಂಡೆಗೆ ನಾಲ್ಕು ಮಾರು ಉಳಿದಿತ್ತು, ಮೂರು ಉಳಿದಿತ್ತು, ಆಕೆ ತುಳಿಯುತ್ತಲೇ ಇದ್ದಳು. ಸೂಜಿಯ ಮಾತನ್ನು ಅಂದಾನಪ್ಪನಿಂದ ಆಗಲೇ ಕೇಳಿದ್ದ ಹಾಲಸ್ವಾಮಿ ಎದ್ದು ನಿಂತು, "ಅಕ್ಕಾ, ಫೋನ್ ಬಂತು" ಎಂದು ಕೂಗಿದ. ಆಕೆಗೆ ಅದು ಕೇಳಿತೋ ಇಲ್ಲವೋ. ಕಾಲು ಮಾತ್ರ, ಮೂವತ್ತೊಂದು ವರ್ಷ ನಿಂತ ಹಾಗೆ, ಒಂದು ಕಡೆ ಒತ್ತಿ ನಿಂತಿತು.

ದೋಣಿ ಸುಯ್ಯೆಂದು ಜಾರಿ ಬಂಡೆಯ ಮೇಲೆ ಏರಿ ಕೂತಿತು. ಉಚ್ಚೆಂಗಮ್ಮ ಕಚ್ಚೆ ಸರಿಮಾಡಿಕೊಂಡು ಒಣಬಂಡೆಗೆ ಕಾಲಿಟ್ಟಳು. ಬಗ್ಗಿ ತಳ ನೋಡಿದಳು. ರೆಕ್ಕೆ ಎರಡೂ ಇದ್ದವು.

"ಸೂಜಿ ಮ್ಯಾಲ ಐತಿ," ಎಂದಳು. ಮತ್ತೆ ದೋಣಿಯನ್ನು ನೀರಿಗೆ ತಳ್ಳಿ, ಗಾಳದ ಡಬ್ಬಿ ಮುಂದಿಟ್ಟುಕೊಂಡು, ಹಿಂದೆ ತಿರುಗಿ ನೋಡದೆ, ಹರಿಗೋಲು ಹೋಗದ ಮಡುವಿನ ಕಡೆ ಹೊರಟುಹೋದಳು. ಯುಗಾದಿಗೆ ಒಂದು ವಾರ ಉಳಿದಿತ್ತು. ಅವತ್ತು ಕಂಪ್ಲಿಯಲ್ಲಿ ಟೈಲರ್ ಅಂಗಡಿಯ ಶಟರ್ ಹತ್ತೂವರೆಗೂ ಏಳಲಿಲ್ಲ. ಹಣ್ಣು ಕೊಟ್ಟು ಹೋಗಿದ್ದ ಇಬ್ಬರಿಗೂ ಸಮಾಧಾನವಾಯಿತು.

ಈಗ ವಾರಕ್ಕೆ ನಾಲ್ಕು ಬೆಳಿಗ್ಗೆ ಆಕೆ ಒಬ್ಬಳೇ ಹೋಗುತ್ತಾಳೆ. ದೊಡ್ಡ ಮೀನು ಬಂಡೆಯ ಕಡೆಗೆ ಎಳೆದರೆ ಅಪ್ಪನ ಮೊಂಡು ಹುಟ್ಟಿನಿಂದ ಎಡಗೈಯಲ್ಲಿ ತಡೆಯುತ್ತಾಳೆ. ಒಂದು ಸಲ ಮೊಣಕೈ ಉದ್ದದ ಕೊರಮೀನು ಸಿಕ್ಕಿತೆಂದು ಫೋಟೋ ಕಳಿಸಿದ್ದಳು. ಅಂದಾನಪ್ಪ ಅದನ್ನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸುತ್ತಾನೆ, ಮನೆಯಲ್ಲಿ ಫೋನು ಬೋರಲು ಇಡುತ್ತಾನೆ. ಅವನ ಹೆಂಡತಿಯ ಏಳು ಜಂಪರುಗಳನ್ನು ಮದುವೆಯಲ್ಲಿ ನೋಡಿ ಬೀಗರ ಕಡೆಯವರು ಟೈಲರಿನ ಹೆಸರು ಬರೆದುಕೊಂಡು ಹೋದರು.

ಮೇಲಿನ ಕಥೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಎಸಳು ಮುರಿದ ಆ ಬುಧವಾರ ಸಂಜೆ, ಕಂಪನಿಗೆ ಬರೆಯಲು ನಂಬರು ಬೇಕೆಂದು ಅಂದಾನಪ್ಪ ಕೆಂಪು ದೋಣಿಯ ಡಬ್ಬ ತೆಗೆದು ನೋಡಿದ. ತಳದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ, ದೋಣಿಯ ಜೊತೆಗೇ ಪುಕ್ಕಟೆ ಬಂದ ಇನ್ನೊಂದು ಪೂರ್ತಿ ಫ್ಯಾನು ಇತ್ತು. ಜಂಪರ್ ಬಟ್ಟೆಗೆ ಆಗಲೇ ಕತ್ತರಿ ಬಿದ್ದಿರಬಹುದು ಎಂದುಕೊಂಡು ಅವನು ಡಬ್ಬ ಮುಚ್ಚಿದ. ಹೋದ ತಿಂಗಳು ಆ ಫ್ಯಾನು ಹಾಕಿ, ಡ್ಯಾಮಿನ ಹಿನ್ನೀರಿನ ಕಡೆಯ ಒಬ್ಬರಿಗೆ ಕೆಂಪು ದೋಣಿಯನ್ನೂ ಮಾರಿದ. ಮಾರುವ ಮುಂಚೆ, ನೀವು ಇಳಿಯುವ ದಡ ಎಂಥದು ಎಂದು ಕೇಳಿದ. ಈಚೆಗೆ ಅವನು ಎಲ್ಲರನ್ನೂ ಹಾಗೆ ಕೇಳುತ್ತಾನೆ.

ಫ್ಯಾನಿನ ಸುದ್ದಿಯನ್ನು ಉಚ್ಚೆಂಗಮ್ಮನಿಗೆ ಅವನು ಇನ್ನೂ ಹೇಳಿಲ್ಲ. ಈ ಬರಹವನ್ನು ಯಾರಾದರೂ ಆಕೆಗೆ ಓದಿ ಹೇಳಿಯೇ ಹೇಳುತ್ತಾರೆ.

ಕಂಪ್ಲಿಯ ಟೈಲರ್ ಉಚ್ಚೆಂಗಮ್ಮನಿಗೆ ಹೊಸಪೇಟೆಯ ಅಂದಾನಪ್ಪ ಏಳು ಜಂಪರಿನ ಹೊಲಿಗೆ ಬಾಕಿ ಇದ್ದಾನೆ, ಲೈನಿಂಗ್ ಸಮೇತ.